ಗೀರಿಲ್ಲದ ಬಾಗಿಲು

ಮೊನ್ನೆ ಮಕ್ತಲ್‌ನಲ್ಲಿ ಮಗಳ ಮನೆಯ ಮಹಡಿ ಹತ್ತುತ್ತಿದ್ದವಳು ಅರ್ಧ ಮೆಟ್ಟಿಲಿನಲ್ಲೇ ನಿಂತುಬಿಟ್ಟೆ. ಮೊಣಕಾಲು ನೋವಿನಿಂದಲ್ಲ, ವಾಸನೆಯಿಂದ. ಆಗಷ್ಟೇ ಕೊಯ್ದ ತೇಗದ ಬಿಸಿ ಪುಡಿ, ಅದರ ಮೇಲೆ ಸ್ಪಿರಿಟ್ ಪಾಲಿಶ್... ಎರಡೂ ಕೂಡಿದಾಗ ಬರುವ, ಸ್ವಲ್ಪ ಸಿಹಿ, ಸ್ವಲ್ಪ ಔಷಧದಂಥ ವಾಸನೆ. ಎಪ್ಪತ್ತು ದಾಟಿದ ಮೇಲೆ ನನ್ನ ಕಣ್ಣು ಕಿವಿ ಎರಡೂ ಅಷ್ಟಕ್ಕಷ್ಟೇ. ಮೂಗು ಮಾತ್ರ ಇನ್ನೂ ಡ್ಯೂಟಿ ಬಿಟ್ಟಿಲ್ಲ.

ಮಹಡಿಯ ಮೇಲೆ ಮಗಳು ಹೊಸದಾಗಿ ಒಂದು ರೂಮು, ಅದಕ್ಕೊಂದು ಬಾತ್‌ರೂಮು ಕಟ್ಟಿಸಿದ್ದಾಳೆ. ತೇಗದ ಬಾಗಿಲು, ಪಾಲಿಶ್ ಆಗಿಯೇ ಬಂದದ್ದು, ಕನ್ನಡಿಯಂಥ ಫಿನಿಶ್. ಗ್ಯಾಸ್ ಗೀಸರ್ ಹೊರಗಿನ ಗೋಡೆಗಿದೆ. ಆದರೂ ಬಾಗಿಲಿಗೆ ಗಾಳಿಯ ಗ್ರಿಲ್ ಹಾಕಿಸಲೇಬೇಕೆಂದು ಹಟ ಹಿಡಿದವಳು ನಾನು. ಕೆಲಸದವನು ಮಿಷನ್ನಿನಿಂದ ಹತ್ತು ನಿಮಿಷದಲ್ಲಿ ಕೊರೆದು, ಗ್ರಿಲ್ ಕೂಡಿಸಿ, ಅಂಚಿಗೆ ಪಾಲಿಶ್ ಸವರಿ, ಬಟ್ಟೆಯಿಂದ ಒರೆಸಿ, "ಅಯಿಪೋಯಿಂದಮ್ಮಾ, ಒಕ್ಕ ಗೀತ ಕೂಡಾ ಪಡಲೇದು" ಎಂದ ತೆಲುಗಿನಲ್ಲಿ. ಮುಗಿಯಿತಮ್ಮಾ, ಒಂದು ಗೀರೂ ಬಿದ್ದಿಲ್ಲ ಎಂದು. ಹೆಮ್ಮೆಯಿಂದ ಹೇಳಿದ, ಹೆಮ್ಮೆ ಪಡುವಂಥ ಕೆಲಸವೇ. 

ಒಂದು ಗೀರೂ ಬಿದ್ದಿಲ್ಲ... ಈ ಮಾತನ್ನು ನಾನು ಮೊದಲು ಕೇಳಿದ್ದು ನಾರಾಯಣಪೇಟೆಯಲ್ಲಿ, ಇಡೀ ಓಣಿ ಬಡಿಗ ಕಾಕಾ ಎನ್ನುತ್ತಿದ್ದ ಒಬ್ಬರ ಬಾಯಿಂದ. ಆಗ ಅವರನ್ನು 'ನೀನು' ಎಂದೇ ಮಾತನಾಡಿಸುತ್ತಿದ್ದೆ. ಕಾಕಾ ಎಂದು ಕರೆದವರನ್ನು ನಮ್ಮ ಕಡೆ ಹಾಗೆಯೇ. ಈಗ ಬರೆಯಲು ಕೂತರೆ ಪೆನ್ನು ತಾನಾಗಿ 'ಅವರು' ಎನ್ನುತ್ತಿದೆ. ಎನ್ನಲಿ.

ಮೊದಲು ನನ್ನ ಬಾಗಿಲಿನ ಕತೆ ಹೇಳಬೇಕು. ನಾನು ಓದಿದ್ದು ರಾಯಚೂರಿನ ಕಾನ್ವೆಂಟಿನಲ್ಲಿ. ನಮ್ಮ ಮ್ಯೂಸಿಕ್ ರೂಮಿಗೆ ಒಂದು ಒಂಟಿ ಬಾಗಿಲಿತ್ತು, ಹಳೆಯ ತೇಗದ್ದು. ಚೌಕಟ್ಟಿನೊಳಗೆ ಮೇಲೊಂದು ಕೆಳಗೊಂದು ಅಗಲ ಹಲಗೆ, ಹಿತ್ತಾಳೆಯ ಹಿಡಿಕೆ. ಶನಿವಾರ ಶನಿವಾರ ಸಿಸ್ಟರ್ ಒಬ್ಬರು ನಮ್ಮ ಕೈಗೆ ಮೇಣದ ಬಟ್ಟೆ ಕೊಟ್ಟು ಅದನ್ನು ಉಜ್ಜಿಸುತ್ತಿದ್ದರು. "ಜಂಟ್ಲಿ, ಗರ್ಲ್ಸ್, ಜಂಟ್ಲಿ..." ಮರಕ್ಕೆ ನೋವಾಗುತ್ತದೆ ಎಂಬ ಹಾಗೆ. ಎಷ್ಟೋ ವರ್ಷದ ಮೇಲೆ ಆ ಕಟ್ಟಡ ಕೆಡವಿ ಬಾಗಿಲು ಕಿಟಕಿ ಮಾರಿದಾಗ ನಮ್ಮಣ್ಣ ಅದನ್ನು ಕೊಂಡು ಲಾರಿಯಲ್ಲಿ ಹಾಕಿಸಿ ನಾರಾಯಣಪೇಟೆಗೆ ಕಳಿಸಿದ. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿದ್ದ ನಾನು ನಡುಬೀದಿಯಲ್ಲಿ ಒಂದು ಬಾಗಿಲನ್ನು ತಬ್ಬಿಕೊಂಡು ಅತ್ತುಬಿಟ್ಟೆ. ವೆರಿ ಸಿಲ್ಲಿ. ಆದರೆ ಅತ್ತದ್ದು ನಿಜ.

ನಮ್ಮತ್ತೆ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಸಿಸ್ಟರಗೋಳ ಬಾಗಿಲ ಬಚ್ಚಲಕ್ಕ ಹಚ್ಚಕೋ. ನನ್ನ ದೇವರ ಮನಿ ಕಡೆ ಮಾತ್ರ ತರಬ್ಯಾಡ" ಎಂದರು. ಅಳತೆಯೂ ಅಲ್ಲಿಗೇ ಹೊಂದುತ್ತಿತ್ತು. ಆಗಷ್ಟೇ ಹಂಡೆ, ಉರಿ, ಹೊಗೆ ಎಲ್ಲ ತೆಗೆಸಿ ಬಚ್ಚಲನ್ನು ಬಾತ್‌ರೂಮ್ ಮಾಡಿಸಿದ್ದೆವು. ನನ್ನದೇ ಐಡಿಯಾ. ಟೈಲ್ಸ್ ಬಂತು. ಒಳಗಿನ ಗೋಡೆಗೆ ಗ್ಯಾಸ್ ಗೀಸರ್ ಬಂತು. ಮೊದಲು ಹೊಗೆ ಹೋಗುತ್ತಿದ್ದ ಬೆಳಕಿಂಡಿಗೆ ಹಲ್ಲಿ ಬೀಳುತ್ತವೆಂದು ಗಾಜು ಕೂತಿತು. ಹಿಂದಿನ ಗೋಡೆ ಪಕ್ಕದ ಮನೆಯವರದು, ಕಿಟಕಿಗೆ ಜಾಗವಿರಲಿಲ್ಲ. ಕಿಟಕಿ ಬೇಕು ಎಂದೂ ಯಾರಿಗೂ ಅನ್ನಿಸಲಿಲ್ಲ.

ಬಾಗಿಲು ಕೂಡಿಸಲು ಬಂದವರು ಬಡಿಗ ಕಾಕಾ. ನಾರಾಯಣಪೇಟೆಯಿಂದ ಮಕ್ತಲ್‌ವರೆಗೆ ಒಳ್ಳೆಯ ಬಾಗಿಲು ಎಂದರೆ ಅವರ ಕೈಯದು. ಕುಳ್ಳಗಿನ ಗಟ್ಟಿ ಆಳು, ಬಾಯಲ್ಲಿ ಸದಾ ಏನೋ ಗುನುಗು. ಅಂಚು ಸವೆಯಲು ರಂದಾ ಹೊಡೆದು, ನಿಲ್ಲಿಸಿ, ನೋಡಿ, ಮತ್ತೆ ಹೊಡೆದು, ಆ ಬಾಗಿಲನ್ನು ಹೇಗೆ ಕೂಡಿಸಿದರೆಂದರೆ ಗೋಡೆಯ ಚೌಕಟ್ಟಿಗೂ ಅದಕ್ಕೂ ನಡುವೆ ಒಂದು ಪೋಸ್ಟ್ ಕಾರ್ಡು ತೂರುತ್ತಿರಲಿಲ್ಲ. ಅವರೇ ಕಾರ್ಡು ಹಿಡಿದು ನಾಲ್ಕೂ ಕಡೆ ತೋರಿಸಿದರು. ಕೆಳಗೆ ಹೊಸಿಲ ಹತ್ತಿರ ಕೂಡ.

"ನೋಡ್ರಿ ಅಮ್ಮಾರ. ಇನ್ನ ಗಾಳಿ ಸುದಾ ನಿಮ್ಮನ್ನ ಕೇಳೇ ಒಳಗ ಬರಬೇಕು."

ನಾವೆಲ್ಲ ನಕ್ಕೆವು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಲಿಲ್ಲ.

ಅವರು ಗದ್ವಾಲಕ್ಕೆ ಹೋದದ್ದು ಅದಾದ ಮೇಲೆಯೇ. ಇದ್ದೊಬ್ಬ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಅಳಿಯ ಹೊಸ ಮನೆ ಕಟ್ಟಿಸುತ್ತಿದ್ದ. ಕಾಕಾ ಹೆಂಡತಿ ಇಲ್ಲದ ಮನುಷ್ಯ, ಮಗಳಿಗೆ ತವರಿನ ಉಡುಗೊರೆಯೆಂದು ಆ ಮನೆಯ ಬಾಗಿಲುಗಳನ್ನೆಲ್ಲ ತಾನೇ ಮಾಡಿಕೊಡುತ್ತೇನೆಂದು ಹತಾರಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ವರ್ಷದ ಮೇಲಾಯಿತು. ತಿರುಗಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುನುಗು ನಿಂತಿತ್ತು.

ಮಗಳು ತೀರಿಹೋದಳಂತೆ. "ಬಚ್ಚಲದಾಗ ಚಕ್ಕರ ಬಂದು ಬಿದ್ದಳಂತ" ಎಂದಷ್ಟೇ ಓಣಿಯಲ್ಲಿ ಸುದ್ದಿ. ನಾವು ಹೋಗಿ ಮಾತನಾಡಿಸಿ ಬಂದೆವು.  ಅವರು ನಮ್ಮ ತಲೆಗಳ ಮೇಲಿಂದ, ನಮ್ಮ ಮನೆ ಇದ್ದ ದಿಕ್ಕಿಗೆ ನೋಡುತ್ತ ಕೂತಿದ್ದರು.

ತಿಂಗಳಾಗಿರಬೇಕು, ಅವರು ತಿರುಗಲು ಶುರುಮಾಡಿದರು. ಯಾರೂ ಕರೆಯದೆ, ತಾವು ಹಿಂದೆ ಬಚ್ಚಲ ಬಾಗಿಲು ಕೂಡಿಸಿದ್ದ ಮನೆಗಳಿಗೆಲ್ಲ. ಹೆಗಲಿಗೆ ಒಂದು ಚೀಲ, ಅದರೊಳಗೆ ಮರದ ಸಣ್ಣ ಸಣ್ಣ ಗ್ರಿಲ್‌ಗಳು. ಅವರು ಅದಕ್ಕೆ ಜಾಲರಿ ಎನ್ನುತ್ತಿದ್ದರು. ಮುಗಿದುಹೋದ ಬಾಗಿಲನ್ನು ಕೊರೆದು ಅದನ್ನು ಕೂಡಿಸಿಕೊಡುತ್ತೇನೆ, ಕೂಲಿ ಬೇಡ, ಎಂದು ಬಾಗಿಲ ಮುಂದೆ ನಿಲ್ಲುವರು. ಕೆಲವರು ಪಾಪ ಎಂದು ಒಪ್ಪಿದರು. ಹೆಚ್ಚಿನವರು ನಕ್ಕರು. ಅವರು ಓಣಿಗೆ ಕಾಲಿಟ್ಟರೆ ಸಾಕು, ಎದುರು ಮನೆಯ ಸೊಸೆ ಕೂಗುವಳು: "ಬಂದ ನೋಡ್ರವ್ವಾ, ಬಾಗಿಲಕ್ಕ ಮೂಗು ಹಚ್ಚೋ ಕಾಕಾ! ಬಚ್ಚಲದಾಗ ಯಾರದೀರಿ, ಲಗೂನ ಸೀರಿ ಉಟ್ಟಕೋರಿ!"

ನಮ್ಮ ಮನೆಗೂ ಬಂದರು. ನನ್ನ ಬಾಗಿಲನ್ನು ಮುಚ್ಚಿ, ಜೇಬಿನಿಂದ ಒಂದು ಊದಿನಕಡ್ಡಿ ತೆಗೆದು ಹಚ್ಚಿ, ಬಾಗಿಲಿನ ಸಂದಿಗೆ ಹಿಡಿದರು. ಮೇಲೆ, ಪಕ್ಕಕ್ಕೆ, ಕೆಳಗೆ. ಹೊಗೆ ಒಂದು ನೂಲು ಹಿಡಿದ ಹಾಗೆ ನೆಟ್ಟಗೆ ಮೇಲೇರಿತು.

"ಏನ ನೋಡಬೇಕು ಕಾಕಾ?" ಎಂದೆ.

"ಹೊಗಿ ಅಲಗಾಡವಲ್ದುರಿ."

ಹೊಗೆ ಅಲುಗದಷ್ಟು ಚೆನ್ನಾಗಿ ಕೂತಿದೆ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಎರಡು ಜಾಲರಿ ಬೇಕು ಎಂದರು, ಕೆಳಗಿನ ಹಲಗೆಗೊಂದು, ಮೇಲಿನದಕ್ಕೊಂದು. ಕೆಳಗಿನಿಂದ ಹೊಸ ಗಾಳಿ ಬರಬೇಕು, ಉರಿದ ಗಾಳಿ ಮೇಲಿನಿಂದ ಹೋಗಬೇಕು. ನನ್ನ ಮ್ಯೂಸಿಕ್ ರೂಮಿನ ಬಾಗಿಲಿಗೆ ಗರಗಸವೇ? ನೆವರ್, ಎಂದೆ.

ಅವರು ವಾದಿಸಲಿಲ್ಲ. ವಾರಕ್ಕೊಮ್ಮೆ ಬರತೊಡಗಿದರು, ಅಷ್ಟೇ. ಅಂಗಳದಲ್ಲಿ ನಿಂತು ಕೇಳುವುದು ಒಂದೇ ಪ್ರಶ್ನೆ: "ಅಮ್ಮಾರ, ಇವತ್ತ ಎಷ್ಟ ಮಂದಿ ಜಳಕ ಮಾಡಿದ್ರಿ?" ನಮ್ಮತ್ತೆಗೆ ಮೈಯೆಲ್ಲ ಉರಿ. "ನಮ್ಮ ಜಳಕ ಎಣಸಾಕ ಇವನ್ಯಾರು? ತಲಿ ಕೆಟ್ಟದ ಅವಂಗ" ಎನ್ನುವರು. ನನಗೂ ಆ ಪ್ರಶ್ನೆ ಕೇಳಿದರೆ ಒಂದು ಥರ ಆಗುತ್ತಿತ್ತು. ಲೆಕ್ಕ ಹಾಕಿಕೊಂಡು ಯಾರನ್ನೋ ಕಾಯುತ್ತಿರುವವರ ದನಿ ಅದು.

ಆ ದಿನಗಳಲ್ಲೇ ಇರಬೇಕು... ಸ್ನಾನ ಮಾಡಿ ಬಂದರೆ ಮಗಳಿಗೆ ತಲೆಶೂಲೆ. ಡಿಗ್ರಿಯ ಕೊನೆಯ ವರ್ಷ, ಓದು ಜಾಸ್ತಿ, ಮೈಗ್ರೇನ್ ಎಂದುಕೊಂಡೆ. ಗೀಸರಿನೊಳಗಿನ ನೀಲಿ ಉರಿ ಒಮ್ಮೊಮ್ಮೆ ಹಳದಿಯಾಗುತ್ತಿತ್ತು. ಚೆನ್ನಾಗಿ ಉರಿಯುತ್ತಿದೆ ಎಂದುಕೊಂಡೆ. ಕಾನ್ವೆಂಟಿನಲ್ಲಿ ಕೆಮಿಸ್ಟ್ರಿಯಲ್ಲಿ ಫಸ್ಟ್ ಬಂದವಳು ನಾನು.

ಕಡೆಗೆ ಒಪ್ಪಿದ್ದು ತಿಳಿವಳಿಕೆಯಿಂದಲ್ಲ, ಬೇಸತ್ತು. ಅದೂ ಒಂದೇ ಗ್ರಿಲ್ಲಿಗೆ, ಕೆಳಗಿನದಕ್ಕೆ, ಕಣ್ಣಿಗೆ ಬೀಳದ ಹಾಗೆ. ತರಕಾರಿಯವಳ ಹತ್ತಿರ ಚೌಕಾಸಿ ಮಾಡಿದ ಹಾಗೆ ಎರಡನ್ನು ಒಂದಕ್ಕೆ ಇಳಿಸಿದೆ. ಮೇಲೆ ಒಂದು ಕಂಡಿಷನ್ನು: "ಒಂದ ಗೀರ ಬಿತ್ತಂದ್ರ ಮತ್ತ ಈ ಮನಿ ಹೊಸಲ ತುಳೀಬ್ಯಾಡ ನೋಡು ಕಾಕಾ." ತಮಾಷೆಗೇ ಹೇಳಿದ್ದೆ. ಅವರು ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಗೀರ ಬೀಳೂದಿಲ್ಲ ಬಿಡ್ರಿ. ಅದೊಂದ ನನಗ ಚೊಲೋ ಬರತೈತಿ."

ಆ ಕೆಲಸ ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಬಾಗಿಲನ್ನು ಕೀಲಿನಿಂದ ಬಿಡಿಸಿ, ಅಂಗಳದಲ್ಲಿ ಎರಡು ಕೌದಿ ಹಾಸಿ ಅದರ ಮೇಲೆ ಮಲಗಿಸಿದರು, ಬಾಣಂತಿಯನ್ನು ಮಲಗಿಸಿದ ಹಾಗೆ. ಚೌಕಟ್ಟಿಗೆ ಕೈ ಹಚ್ಚಬಾರದು, ಬಾಗಿಲಿನ ಬಲವೆಲ್ಲ ಅದರ ಕೂಡುಗಳಲ್ಲಿ, ಕೊರೆಯುವುದೇನಿದ್ದರೂ ಅದರೊಳಗಿನ ಹಲಗೆಯಲ್ಲಿ ಎಂದರು. ಪೆನ್ಸಿಲ್ ಮುಟ್ಟಲಿಲ್ಲ. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿಯನ್ನು ಪಾಲಿಶಿನ ಮೇಲೆ ಅಂಟಿಸಿ, ಅದರ ಮೇಲೆ ಸಣ್ಣ ಚಾಕುವಿನಿಂದ ಗೆರೆ ಎಳೆದರು. ಒಂದು ಸಲ, ಎರಡು ಸಲ, ಮೂರು ಸಲ, ಪಾಲಿಶ್ ಕತ್ತರಿಸಿ ಮರಕ್ಕೆ ಇಳಿಯುವವರೆಗೆ. ಆ ಗೆರೆ ಇದ್ದರೆ ಗರಗಸದ ಹಲ್ಲಿಗೆ ಸಿಬಿರು ಏಳುವುದಿಲ್ಲವಂತೆ. ಬಾಗಿಲು ಮಗುಚಿ, ಆ ಮಗ್ಗುಲಿಗೂ ಹಾಗೆಯೇ. ನಾಲ್ಕು ಮೂಲೆಗೆ ಬೈರಿಗೆಯಿಂದ ತೂತು, ಅದೂ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. ಒಂದೇ ಕಡೆಯಿಂದ ಚುಚ್ಚಿದರೆ ಇನ್ನೊಂದು ಕಡೆ ಹಲಗೆ ಒಡೆದು ಹೊರಬರುತ್ತದೆ. ಆ ತೂತಿನಲ್ಲಿ ಬೆರಳಗಲದ ಗರಗಸ ಇಳಿಸಿ ಗೆರೆಗಿಂತ ಒಂದು ಎಳೆ ಒಳಗೇ ಕೊಯ್ದರು. ಉಳಿದ ಎಳೆಯನ್ನು ಅರದಿಂದ ಉಜ್ಜಿ ತೆಗೆದರು. ಕೊಯ್ದ ಹಸಿ ಅಂಚು ನೀರು ಕುಡಿದು ಉಬ್ಬಬಾರದೆಂದು ಅದಕ್ಕೂ ಪಾಲಿಶ್ ಕುಡಿಸಿದರು. ಸ್ಕ್ರೂಗಳಿಗೆ ಮೊದಲೇ ಸಣ್ಣ ತೂತು, ಸ್ಕ್ರೂವಿನ ಮೈಗೆ ಸೋಪು. ಎಲ್ಲ ಮುಗಿದ ಮೇಲೆ ನೋಡಿದರೆ ಎಂಟೂ ಸ್ಕ್ರೂಗಳ ತಲೆಯ ಗೀಟುಗಳು ಒಂದೇ ದಿಕ್ಕಿಗೆ ನಿಂತಿದ್ದವು. ಗ್ರಿಲ್ಲಿನ ಪಟ್ಟಿಗಳು ಮನೆಯ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರು, ಗಾಳಿ ಆಡುತ್ತದೆ, ಕಣ್ಣು ಆಡುವುದಿಲ್ಲ. ಪ್ಲಾಸ್ಟರ್ ಕಿತ್ತು, ಒರೆಸಿ, "ನೋಡ್ರಿ. ಒಂದ ಗೀರ ಬಿದ್ದಿಲ್ಲ" ಎಂದರು. ಆ ಮಾತಿನಲ್ಲಿ ಹೆಮ್ಮೆ ಇರಲಿಲ್ಲ. ಒಂದು ಥರ ಅಸಹ್ಯವಿತ್ತು.

ಕೊಯ್ದ ತುಂಡನ್ನು ನಮ್ಮತ್ತೆ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿಕೊಂಡರು. ಮಗಳ ತಲೆಶೂಲೆ ಕಡಿಮೆಯಾಯಿತು. ಎಕ್ಸಾಮ್ ಮುಗಿಯಿತಲ್ಲ, ಅದಕ್ಕೇ ಎಂದುಕೊಂಡೆ.

ಚಳಿ ಬಂತು. ಒಂದು ಬೆಳಿಗ್ಗೆ ನೋಡಿದರೆ ಗ್ರಿಲ್ಲಿನ ಸಂದಿಯಲ್ಲಿ ಕೆಂಪು ಏನೋ ಇಣುಕುತ್ತಿತ್ತು. ನಮ್ಮತ್ತೆ ತಮ್ಮ ಹಳೆಯ ನಾರಾಯಣಪೇಟೆ ಸೀರೆಯನ್ನು ಹರಿದು, ಒಳಗಿನಿಂದ ಒತ್ತಿ ಒತ್ತಿ ತುರುಕಿದ್ದರು. ಕೇಳಿದ್ದಕ್ಕೆ, "ಹೊರಗ ಗಂಡಸರು ಅಡ್ಡಾಡತಾರ. ಕಾಣಲಿ ಬಿಡಲಿ, ತೂತು ತೂತೇ. ಮ್ಯಾಲೆ ಚಳಿ ಬ್ಯಾರೆ, ಕಾಲಿಗೆ ಹಾವಿನಂಗ ಸುತ್ತತೈತಿ" ಎಂದರು.

ನಾನು ಅದನ್ನು ನೋಡಿದೆ. ಎರಡು ದಿನ ನೋಡಿದೆ... ಇಲ್ಲ, ಈ ವಯಸ್ಸಿನಲ್ಲಿ ಸುಳ್ಳು ಯಾಕೆ, ಒಂದು ವಾರ ನೋಡಿದೆ. ಹಿರಿಯರ ಜೊತೆ ಹಬ್ಬದ ಮುಂದೆ ಜಗಳ ಬೇಡ, ಹಬ್ಬ ಆಗಲಿ, ತೆಗೆದರಾಯಿತು ಎಂದುಕೊಂಡೆ. ಒಳಗಿನ ಮಾತೆಂದರೆ, ನನ್ನ ಬಾಗಿಲಿಗೆ ಆ ತೂತು ನನಗೂ ಎಂದೂ ಸೇರಿರಲಿಲ್ಲ.

ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ ನಮ್ಮಲ್ಲಿ ಮನೆಯವರೆಲ್ಲ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ತಲೆಗೆ ಎರೆದುಕೊಳ್ಳಬೇಕು. ಹಿರಿಯರಿಂದ ಶುರು, ಒಬ್ಬರು ಹೊರಬರುತ್ತಲೇ ಇನ್ನೊಬ್ಬರು, ನಡುವೆ ಬಚ್ಚಲು ಆರಬಾರದು ಎನ್ನುವುದು ನಮ್ಮತ್ತೆಯ ಪದ್ಧತಿ. ಹಂಡೆಯ ಕಾಲದ ಪದ್ಧತಿ ಅದು, ಉರಿ ಆರದಿರಲಿ ಎಂದು ಬಂದದ್ದು. ಗೀಸರ್ ಬಂದರೂ ಪದ್ಧತಿ ಹೋಗಿರಲಿಲ್ಲ. ನಮ್ಮತ್ತೆ ಎರೆದುಕೊಂಡರು. ನಮ್ಮವರು ಎರೆದುಕೊಂಡರು. ನಾನು ಎರೆದುಕೊಂಡೆ. ಹೊರಬಂದಾಗ ತಲೆ ಸ್ವಲ್ಪ ಧಿಂ ಎಂದಿತ್ತು. ಮಗಳು ಒಳಗೆ ಹೋದಳು.

ನಾನು ಅಡುಗೆ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಅಂಗಳದಲ್ಲಿ ಅದೇ ದನಿ. ಹಬ್ಬದ ದಿನವೂ ಹೆಗಲಿಗೆ ಅದೇ ಚೀಲ, ಮರ ಕೆತ್ತುವ ಬಾಚಿಯ ಹಿಡಿ ಹೊರಗೆ ಕಾಣುತ್ತಿತ್ತು.

"ಅಮ್ಮಾರ, ಇವತ್ತ ಎಷ್ಟ ಮಂದಿದಾತು?"

"ಮೂವರದಾತು ಕಾಕಾ, ನಾಕನೇದು ನಡದೈತಿ. ಒಳಗ ಬಂದು ಎಣಸು, ಬಾ!" ಎಂದು ನಕ್ಕೆ.

ಯಾವತ್ತೂ ಅಂಗಳ ದಾಟದ ಮನುಷ್ಯ. ನನ್ನ ಮಾತಿಗೆ ಬಂದರೋ, ಪಡಸಾಲೆಯ ಆಚೆ ಗ್ರಿಲ್ಲಿನ ಕೆಂಪು ಕಂಡು ಬಂದರೋ... ನಾನು ನೋಡುವುದರೊಳಗೆ ಬಾಗಿಲ ಮುಂದಿದ್ದರು. ಒಳಗೆ ಬಕೆಟ್ಟು ತುಂಬಿ ನೀರು ಹೊರಚೆಲ್ಲುವ ಸದ್ದು. "ಯವ್ವಾ! ಮಗಳ!" ಎಂದು ಬಾಗಿಲು ಬಡಿದರು. ಉತ್ತರವಿಲ್ಲ. ನೀರಿನ ಸದ್ದು ಮಾತ್ರ. ಎರಡನೆಯ ಸಲ ಕರೆಯಲಿಲ್ಲ.

ಬಾಚಿಯ ಮೊದಲ ಏಟಿಗೆ ಮೇಲಿನ ಹಲಗೆ ಉದ್ದಕ್ಕೆ ಸೀಳಿತು. ಎರಡನೆಯದಕ್ಕೆ ಒಡೆದು ಒಳಗೆ ಬಿತ್ತು. ಆ ಸೀಳಿನೊಳಗೆ ಕೈ ಹಾಕಿ ಚಿಲಕ ಎಳೆದರು, ಮೊಣಕೈವರೆಗೆ ರಕ್ತ. ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಬಂದು, ಎಲ್ಲಕ್ಕಿಂತ ಮೊದಲು ನನ್ನ ಬಾಯಿಂದ ಬಂದ ಮಾತು:

"ಓ ಗಾಡ್! ಮೈ ಡೋರ್!"

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಬಡಗಿಯಾದವರಿಗೆ ಆ ಒಂದು ಮಾತು ಗೊತ್ತಿರುತ್ತದೆ.

ಮಗಳು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಕೆಂಪಗೆ, ಚೆಲುವಾಗಿ, ಹಬ್ಬಕ್ಕೆ ಬಣ್ಣ ಹಚ್ಚಿಕೊಂಡವಳ ಹಾಗೆ. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿತ್ತು, ನಾನು ಕಾಣುತ್ತಿರಲಿಲ್ಲ. ಕಾಕಾ ಮುಖ ಆ ಕಡೆ ತಿರುಗಿಸಿ, ಹೊದ್ದಿದ್ದ ಶಾಲನ್ನು ನನ್ನತ್ತ ಎಸೆದು, "ಹೊಚ್ಚರಿ, ಅಂಗಳಕ್ಕ ಎಳೀರಿ, ಗಾಳಿಗೆ" ಎಂದು ಕೂಗಿದರು. ಗೀಸರ್ ತಾವೇ ಆರಿಸಿದರು. ಅಂಗಳದ ಬಿಸಿಲಿನಲ್ಲಿ ಅವಳು ವಾಂತಿ ಮಾಡಿಕೊಂಡಳು. ಎಷ್ಟೋ ಹೊತ್ತಿನ ಮೇಲೆ, "ಮಮ್ಮಿ, ಯಾಕ ಅಳಾಕತ್ತಿ?" ಎಂದಳು.

"ಖಾಲಿ ಹೊಟ್ಟಿಲೆ ಬಿಸಿನೀರ ಹಾಕ್ಕೊಂಡ್ರ ಯಾರಿಗೆ ಬೇಕಾದ್ರೂ ಚಕ್ಕರ ಬರತಾವ" ಎಂದರು ನಮ್ಮತ್ತೆ, ಮೊಮ್ಮಗಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ. "ಅದಕ್ಕ ಹಬ್ಬದ ದಿನ ಬಾಗಿಲ ಒಡೀತಾರೇನು?" ನಮ್ಮವರು ರಿಕ್ಷಾ ತರಲು ಓಡಿದರು. ಮುಂದೆ ಡಾಕ್ಟರು ಗೀಸರ್ ಎಲ್ಲಿದೆ ಎಂದು ಕೇಳಿ, ಅದರ ವಾಸನೆಯಿಲ್ಲದ ವಿಷಗಾಳಿಯೇ ಇದು ಎಂದು ಹೇಳಿ, ನಮ್ಮ ಮುಖ ನೋಡಿ, "ಲಕ್ಕಿ" ಎಂದರು.

ರಿಕ್ಷಾ ಬರುವವರೆಗಿನ ಆ ಸ್ವಲ್ಪ ಹೊತ್ತು... ಮಗಳ ತಲೆ ನನ್ನ ತೊಡೆಯ ಮೇಲಿತ್ತು. ಕಾಕಾ ಕಟ್ಟೆಯ ಮೇಲೆ ಕೂತು ನನ್ನ ಬಾಗಿಲಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಧೋತರದ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ನಾನು ನಾಚಿಕೆಯಿಂದ ಸಾಯುತ್ತಿದ್ದೆ. "ಕಾಕಾ, ಏನೋ ಬಾಯಿಗೆ ಬಂದಿದ್ದು ಅಂದುಬಿಟ್ಟೆ..." ಎಂದೆ.

"ನಾನೂ ಅದನ್ನ ಅಂದಿದ್ದೆರಿ, ಅಮ್ಮಾರ."

ನನಗೆ ತಿಳಿಯಲಿಲ್ಲ. ಅವರು ತಲೆ ಎತ್ತಲಿಲ್ಲ.

"ಗದ್ವಾಲದಾಗ. ಮಗಳು ಬಚ್ಚಲದಾಗ ಚಿಲಕ ಹಾಕ್ಕೊಂಡಿದ್ದಳು, ಕರದ್ರ ಓ ಅನ್ನವಲ್ಲಳು. ಅಳಿಯ ಕೊಡ್ಲಿ ತಂದು ನಿಂತಿದ್ದ. ನಾನ ಅಡ್ಡ ಬಂದೆ. ಬಾಗಿಲ ಕೆಡತೈತಿ, ತಡಿಯಪಾ, ನಾ ಮಾಡಿದ್ದು ನನಗ ಬಿಚ್ಚಾಕ ಬರತೈತಿ ಅಂದೆ. ಹಲಗಿ ಸುತ್ತ ಪಟ್ಟಿ ಹೊಡದಿರತೀವಲ್ಲರಿ, ಅವುನ್ನ ತಗದ್ರ ಹಲಗಿ ಇಡೀದ ಕೈಗೆ ಬರತೈತಿ. ಹದಿನಾರ ಮೊಳಿ ಇದ್ದವು. ಒಂದೊಂದ ಕಿತ್ತೆ. ಇಕ್ಕಳದ ಗುರುತು ಬೀಳಬಾರದಂತ ಕೆಳಗ ಅರಿವಿ ಇಟಗೊಂಡು ಕಿತ್ತೆ..."

ರಿಕ್ಷಾದ ಸದ್ದು ಓಣಿಯ ತುದಿಯಲ್ಲಿ ಕೇಳಿಸಿತು.

"ಹಲಗಿಗೆ ಒಂದ ಗೀರ ಬೀಳಲಿಲ್ಲರಿ" ಎಂದರು.

ಹಬ್ಬ ಕಳೆದ ಮೇಲೆ ಅವರು ಹೊಸ ಹಲಗೆ ತಂದು ಮೇಲಿನ ಭಾಗಕ್ಕೆ ಕೂಡಿಸಿದರು. ಅದಕ್ಕೆ ಆ ಎರಡನೆಯ ಜಾಲರಿ. ಈ ಸಲ ಅಂಗಳದಲ್ಲಿ ಕೌದಿ ಹಾಸಿದವಳು ನಾನೇ.  ಕೆಳಗಿನ ಗ್ರಿಲ್ಲಿನ ಸೀರೆಯನ್ನು ಯಾರು ತೆಗೆದರೋ ಗೊತ್ತಿಲ್ಲ, ತೆಗೆದಾಗಿತ್ತು. ಅದೇ ಪ್ಲಾಸ್ಟರು, ಅದೇ ಚಾಕು, ಅದೇ ಸೋಪು. ಪಾಲಿಶಿನ ಬಣ್ಣ ಹಳೆಯದಕ್ಕೆ ಎಷ್ಟು ಕೂಡಿತೆಂದರೆ ಬಾಗಿಲಿಗೆ ಏನೂ ಆಗೇ ಇಲ್ಲವೆನ್ನಬೇಕು. ಎಲ್ಲ ಒಣಗಿದ ಮೇಲೆ, ಹತಾರ ಚೀಲಕ್ಕೆ ತುಂಬಿದ ಮೇಲೆ, ಅವರು ಆ ಸಣ್ಣ ಚಾಕುವನ್ನು ಮತ್ತೆ ಹೊರತೆಗೆದರು. ಹೊಸ ಹಲಗೆಯ ಮೇಲೆ, ಚಿಲಕದ ಮಗ್ಗುಲಿನಿಂದ ಕೆಳಕ್ಕೆ, ಗೇಣುದ್ದದ ಒಂದು ಗೀರು ಎಳೆದರು. ನಿಧಾನವಾಗಿ, ಒತ್ತಿ.

"ಕಾಕಾ!" ಎಂದು ಚೀರಿದೆ.

"ಇರಲಿ ಬಿಡ್ರಿ. ಗೀರಿಲ್ಲದ ಬಾಗಿಲ ಒಡಿಯಾಕ ಕೈ ಬರೂದಿಲ್ಲ."

ಒಂದೆರಡು ತಿಂಗಳ ಮೇಲೆ ನಾನು ಒಂದು ಹೊಸ ಧೋತರ ತೆಗೆದುಕೊಂಡು ಅವರ ಮನೆಗೆ ಹೋದೆ. ಊರ ಹೊರಗಿನ ಓಣಿ, ಎರಡೇ ಕೋಣೆಯ ಮನೆ. ತಲೆಬಾಗಿಲಿದ್ದ ಕಡೆ ಗೋಣಿತಾಟು ತೂಗುಬಿದ್ದಿತ್ತು. ಒಳಗಿನ ಕೋಣೆಗೂ ಬಾಗಿಲಿಲ್ಲ, ಬಚ್ಚಲಿಗೂ ಇಲ್ಲ. ಬಿಚ್ಚಿದ ಬಾಗಿಲುಗಳೆಲ್ಲ ಹಿತ್ತಲ ಗೋಡೆಗೆ ಮುಖ ಮಾಡಿ ನಿಂತಿದ್ದವು, ಕ್ಲಾಸಿನಲ್ಲಿ ಪನಿಶ್‌ಮೆಂಟ್ ಕೊಟ್ಟ ಹುಡುಗಿಯರ ಹಾಗೆ. ಬಾಗಿಲು ಯಾಕೆ ತೆಗೆದೆ ಕಾಕಾ ಎಂದರೆ, "ಕಳ್ಳ ಬಂದ್ರ ಏನ ಒಯ್ತಾನರಿ?" ಎಂದು ನಗಲು ನೋಡಿದರು. ನನಗೆ ಕೂರಲಾಗಲಿಲ್ಲ. ಧೋತರ ಅಲ್ಲಿಟ್ಟು ಬಂದೆ. ಬಸ್ಸಿನ ಕಂಡಕ್ಟರಿಗೆ, ಹಾಲಿನವನಿಗೆ, ದಿನಕ್ಕೆ ಹತ್ತು ಸಲ ಥ್ಯಾಂಕ್ಯೂ ಎನ್ನುವ ಬಾಯಿ ಇದು. ಅವತ್ತು ಏಳಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಬರಲಿಲ್ಲ. ಆ ಮಳೆಗಾಲದಲ್ಲಿ ಗದ್ವಾಲದ ಆಚೆ ಐಜದ ಕಡೆ ಯಾರದೋ ಮನೆಗೆ ಜಾಲರಿ ಹಾಕಲು ಹೋದವರು ಅಲ್ಲೇ ಜ್ವರ ಹಿಡಿದು ತೀರಿಕೊಂಡರಂತೆ. ಚೀಲದಲ್ಲಿ ಇನ್ನೂ ಮೂರು ಜಾಲರಿ ಉಳಿದಿದ್ದವಂತೆ. ಅವು ಯಾರ ಬಾಗಿಲಿಗೆ ಆಗಬೇಕಿದ್ದವೋ... ಆ ಬಾಗಿಲುಗಳು ಇವತ್ತಿಗೂ ಎಲ್ಲೋ ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು.

ನಾರಾಯಣಪೇಟೆಯ ಆ ಮನೆ ಈಗ ಬೇರೆಯವರದು. ಬಾಗಿಲೂ ಅದರ ಜೊತೆಗೇ ಹೋಯಿತು.

ಮೊನ್ನೆ ಕೆಲಸದವನು ಮೆಟ್ಟಿಲಿಳಿದು ಹೋದ ಮೇಲೆ ನಾನು ಮಗಳ ಹೊಸ ಬಾಗಿಲಿನ ಮುಂದೆ ಒಬ್ಬಳೇ ನಿಂತೆ. ಬಾಗಿಲು ಮುಚ್ಚಿ ಊದಿನಕಡ್ಡಿ ಹಚ್ಚಿ ಗ್ರಿಲ್ಲಿಗೆ ಹಿಡಿದೆ. ಹೊಗೆ ಬಾಗಿತು, ಒಳಗೆ ಹೋಯಿತು. ಸರಿಯಾಗಿದೆ. ಬಾಗಿಲಿನ ಮೈ ನೋಡಿದೆ, ನನ್ನ ಮುಖ ಕಾಣುವಷ್ಟು ನುಣುಪು. ಇಂಥದ್ದರ ಮೇಲೆ ಯಾರಿಗೆ ಕೈ ಎತ್ತಲು ಮನಸ್ಸು ಬಂದೀತು? ಸೊಂಟದಿಂದ ಬೀರುವಿನ ಕೀಲಿ ತೆಗೆದೆ. ಚಿಲಕದ ಮಗ್ಗುಲಿಗೆ ಇಟ್ಟು, ಒತ್ತಿ, ಕೆಳಕ್ಕೆ ಎಳೆದೆ.

ಸದ್ದಿಗೆ ಮಗಳು ರೂಮಿನಿಂದ ಓಡಿ ಬಂದಳು.

"ಅಯ್ಯೋ ಮಮ್ಮಿ! ನನ್ನ ಡೋರ್!"

ಅವಳ ಮುಖ ನೋಡುತ್ತ ನಿಂತೆ. ಆ ಭೋಗಿಯ ದಿನ ಬಾಗಿಲಿನ ಒಳಗೆ ಕೂತಿದ್ದವಳಿಗೆ ನನ್ನ ಮೊದಲ ಮಾತು ಕೇಳಿಸಿತ್ತೋ ಇಲ್ಲವೋ... ಇಷ್ಟು ವರ್ಷ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಇದನ್ನು ಕೂತು ಮಾತನಾಡಬಹುದಾಗಿದ್ದ ಒಬ್ಬರೇ ಒಬ್ಬರು ಇದ್ದರು.

"ಇರಲಿ ಬಿಡು" ಎಂದೆ.

ಗೀರು ನಾನಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದಿತ್ತು.